ಅಜ್ಜಾರ ತಲೆಗೆ ಪೆಟ್ಟು ಬಿದ್ದ ಮೇಲೆ

ಹೊಳೆ ದಂಡೆಯ ಆಶ್ರಮ. ಗುರು ಸಿದ್ಧಮಲ್ಲಯ್ಯನವರಿಗೆ ಎಪ್ಪತ್ತೆಂಟು. ಶಿಷ್ಯರಿಗೆಲ್ಲ ಅವರು ಅಜ್ಜಾರು.

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಜಾರಿದರು. ತಲೆ ಕಲ್ಲಿಗೆ ಟಣ್ ಅಂತ ಬಡಿಯಿತು. ರಕ್ತ ಬರಲಿಲ್ಲ, ನಿಂಬೆಹಣ್ಣಿನಷ್ಟು ಬುಗುಟೆ ಬಂತು.

"ಕಲ್ಲಿಗೇನೂ ಆಗಿಲ್ಲಲ್ಲ?" ಅಂದರು ಗುರುಗಳು. ಎಲ್ಲರೂ ನಕ್ಕರು. ಅಲ್ಲಿಗೆ ಮರೆತರು.

ಮೂರು ವಾರ ಕಳೆಯಿತು. ಊಟಕ್ಕೆ ಕೂತ ಗುರುಗಳು ಅನ್ನದ ಮೇಲೆ ಕುಡಿಯುವ ನೀರು ಸುರಿದುಕೊಂಡು, "ಸಾರು ಚಲೋ ಆಗೈತಿ" ಅಂದರು.

ಹಿರಿಯ ಶಿಷ್ಯ ಚೆನ್ನವೀರ ತಟ್ಟೆ ಬದಿಗಿಟ್ಟು ನೋಟ್‌ಬುಕ್ ತೆಗೆದ. ರುಚಿ ಇರುವುದು ಮನಸ್ಸಿನಲ್ಲಿ, ಅಂತ ಬರೆದ.

ಮರುದಿನ ಗುರುಗಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಎಡಗಾಲು ಎಳೆಯುತ್ತಿತ್ತು.

ಅರ್ಧ ಸಂಸಾರ, ಅರ್ಧ ಸನ್ಯಾಸ, ಅಂತ ಬರೆದ ಚೆನ್ನವೀರ.

ಸಿಟ್ಟೇ ಬಾರದ ಮನುಷ್ಯ ಅಡುಗೆಯ ದ್ಯಾಮವ್ವನಿಗೆ ಬಾಯಿಗೆ ಬಂದಂತೆ ಬೈದರು. ಅದಕ್ಕೆ ಒಂದಲ್ಲ, ಎರಡು ಅರ್ಥ ಸಿಕ್ಕವು!

"ಎಪ್ಪಾ, ಅಜ್ಜಾರಿಗೆ ಏನೋ ಆಗೈತಿ, ಡಾಕ್ಟರಿಗೆ ತೋರಿಸ್ರಿ" ಅಂದಳು ದ್ಯಾಮವ್ವ.

"ನಿನಗ ತಿಳ್ಯಂಗಿಲ್ಲ ಬಿಡಬೇ. ಅವು ದೊಡ್ಡ ಮಾತು" ಅಂದ ಚೆನ್ನವೀರ.

ಐದನೆಯ ದಿನ ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು.

"ನೀ ಯಾರು?"

ಹದಿನಾರು ವರ್ಷ ಈ ಪ್ರಶ್ನೆಗೇ ಕಾದಿದ್ದ. ಕಣ್ಣು ಮುಚ್ಚಿ ಕೈ ಮುಗಿದ.

"ನಾ ದೇಹ ಅಲ್ರಿ ಅಜ್ಜಾರ. ಮನಸ್ಸೂ ಅಲ್ಲ. ನಾ..."

"ಅದಲ್ಲೋ ತಮ್ಮಾ. ನಿನ್ನ ಹೆಸರೇನು? ನನಗ ನೆನಪಾಗವಲ್ದು. ತಲಿ ಭಾಳ ನೋಯಾಕತ್ತೈತಿ."

ಚೆನ್ನವೀರ ಕಣ್ಣು ತೆರೆದ. ಗುರುಗಳು ಅಳುತ್ತಿದ್ದರು.

ನೋಟ್‌ಬುಕ್ ಕೈಯಿಂದ ಬಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. ಬುರುಡೆಯ ಒಳಗೆ ರಕ್ತ ನಿಂತು ಮೆದುಳನ್ನು ಒಂದು ಕಡೆ ಒತ್ತುತ್ತಿತ್ತು.

"ವಯಸ್ಸಾದವರಿಗೆ ಸಣ್ಣ ಪೆಟ್ಟಾದ್ರೂ ಒಳಗೆ ನಿಧಾನಕ್ಕೆ ರಕ್ತ ಸೋರುತ್ತೆ. ವಾರಗಟ್ಟಲೆ ಆದ ಮೇಲೆ ಗೊತ್ತಾಗುತ್ತೆ. ಮಾತು, ನಡಿಗೆ ಬದಲಾಗಿದ್ದನ್ನ ಯಾರೂ ನೋಡ್ಲಿಲ್ವಾ?"

"ನೋಡಿದ್ವಿರಿ" ಅಂದ ಚೆನ್ನವೀರ. "ಬರಕೊಂಡ್ವಿ."



ಬುರುಡೆಗೆ ತೂತು ಕೊರೆದು ರಕ್ತ ತೆಗೆದರು. ಗುರುಗಳು ಉಳಿದರು. ಆದರೆ ಪದಗಳು ಪೂರ್ತಿ ಮರಳಲಿಲ್ಲ. ಒಂದು ಹೇಳಲು ಹೋದರೆ ಇನ್ನೊಂದು ಬರುತ್ತಿತ್ತು.

ಆಶ್ರಮಕ್ಕೆ ಮರಳಿದ ದಿನ ಎಲ್ಲರೂ ಸುತ್ತ ಕೂತರು. ಗುರುಗಳು ಹೊಳೆಯ ಕಡೆ ಬೆರಳು ತೋರಿಸಿದರು.

"ಎಷ್ಟು ಚಂದ ಐತಿ ನೋಡ್ರಿ, ಬೆಂಕಿ."

ಆಹಾ, ಅಂದರು ಶಿಷ್ಯರು. ಪೆನ್ನುಗಳ ಮುಚ್ಚಳ ಟಪಟಪ ತೆರೆದವು.

ಚೆನ್ನವೀರ ಪೆನ್ನು ತೆಗೆಯಲಿಲ್ಲ. ಗುರುಗಳಿಗೆ ಅವನು ಎಂದೂ ಎದುರಾಡಿದವನಲ್ಲ.

"ತಪ್ಪು ಹೇಳಿದ್ರಿ ಅಜ್ಜಾರ" ಅಂದ. "ಅದು ಹೊಳಿ."

ಎಲ್ಲರೂ ದಂಗಾದರು.

ಗುರುಗಳು ತಡವರಿಸಿ ಅವನ ಕೈ ಹಿಡಿದುಕೊಂಡರು.

"ಅಂತೂ ಒಬ್ಬಾತಗಾದ್ರೂ ನಾ ಅಂದದ್ದು ಕೇಳಿಸ್ತಪ್ಪ."