ಕುಟ್ಟಣ್ಣ ಹೇಳದೆ ಬಿಟ್ಟ ಹುಲ್ಲಿನ ಗಂಟು

ಮಕ್ಕಳೇ, ಒಂದು ಕಾಡಿನ ಕೆರೆದಂಡೆಯಲ್ಲಿ ದೊಡ್ಡದೊಂದು ಅತ್ತಿಮರವಿತ್ತು. ಅದರ ಬುಡದಲ್ಲಿ ಪ್ರಾಣಿ ಪಕ್ಷಿಗಳೆಲ್ಲ ಸೇರಿ ಒಂದು ದುರಸ್ತಿ ಚಾವಡಿ ನಡೆಸುತ್ತಿದ್ದವು. ಹರಿದ ಬುಟ್ಟಿ, ಮುರಿದ ಏಣಿ, ಹಗ್ಗ ಸವೆದ ತೊಟ್ಟಿಲು, ಏನು ತಂದರೂ ಅಲ್ಲಿ ಸರಿಯಾಗುತ್ತಿತ್ತು. ಸಂಬಳ ಗಿಂಬಳ ಯಾರಿಗೂ ಇಲ್ಲ. ಬಿಡುವಿದ್ದವರು ಬಂದು ಕೈಜೋಡಿಸುತ್ತಿದ್ದರು.

ಅಲ್ಲೊಂದು ಪದ್ಧತಿಯಿತ್ತು. ದುರಸ್ತಿ ಮಾಡಿದವರು ಆ ವಸ್ತುವಿಗೆ ಒಂದು ಹುಲ್ಲಿನ ಗಂಟು ಕಟ್ಟಿಡಬೇಕು. ಇನ್ನೊಬ್ಬರು ಅದನ್ನು ಜಗ್ಗಿ ನೋಡಿ, ಗಟ್ಟಿಯಾಗಿದ್ದರೆ ಮಾತ್ರ ಗಂಟು ಬಿಚ್ಚಬೇಕು. ಗಂಟು ಇರುವ ತನಕ ಯಾರೂ ಅದನ್ನು ಒಯ್ಯುವಂತಿಲ್ಲ.

ಹೊಸಬರಿಗೆ ಇದನ್ನೆಲ್ಲ ಹೇಳಿಕೊಡುವ ಜವಾಬ್ದಾರಿ ಮರಕುಟಿಗ ಕುಟ್ಟಣ್ಣನದು. ಕೆಲಸದಲ್ಲಿ ಎತ್ತಿದ ಕೈ. ಆದರೆ ತನ್ನ ಬಗ್ಗೆ ಮಾತು ಶುರುಮಾಡಿದರೆ ನಿಲ್ಲಿಸುವುದೇ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೆಗ್ಗಣ ಗುಂಡವ್ವ ಅಂಜುತ್ತಾ ಬಂದಳು. ಹೋದಲ್ಲೆಲ್ಲ ಓಡಿಸಿಕೊಂಡೇ ಬೆಳೆದವಳು. ಅವತ್ತು ಮೀಸೆ ತೊಳೆದು, ಉಗುರಿನ ಮಣ್ಣು ತೆಗೆದು ಬಂದಿದ್ದಳು.

"ನಾನೂ ಸೇರಬಹುದಾ ಅಣ್ಣಾ?"

"ಬಾ ಬಾ, ಅದಕ್ಕೇನಂತೆ!" ಎಂದ ಕುಟ್ಟಣ್ಣ. "ಈ ಏಣಿ ನೋಡು, ಒಂದೇ ದಿನದಲ್ಲಿ ಮಾಡಿದ್ದು ನಾನು. ಈ ಬಾಗಿಲು? ಅದೂ ನಾನೇ. ಪೊರಕೆ ಮೂಲೆಯಲ್ಲಿದೆ, ಗುಡಿಸಿದ ಮೇಲೆ ಅಲ್ಲೇ ಇಡಬೇಕು."

"ಅಣ್ಣಾ, ಈ ಹುಲ್ಲಿನ ಗಂಟು ಏನು?"

"ಅದೆಲ್ಲ ನೋಡ್ತಾ ನೋಡ್ತಾ ಗೊತ್ತಾಗುತ್ತೆ. ಈ ಪೆಟ್ಟಿಗೆ ನೋಡು, ಇದರ ಕತೆಯೇ ಬೇರೆ..."

ಗುಂಡವ್ವ ಮತ್ತೆ ಕೇಳಲಿಲ್ಲ. ಕುಟ್ಟಣ್ಣ ಹಾರಿಹೋದ ಮೇಲೆ, ಏನಾದರೂ ಉಪಯೋಗಕ್ಕೆ ಬರೋಣವೆಂದು ಇಡೀ ಚಾವಡಿ ಗುಡಿಸಿದಳು. ಕುಟ್ಟಣ್ಣನೇ ಲೆಕ್ಕಿಸಲಿಲ್ಲವಲ್ಲ ಎಂದು, ವಸ್ತುಗಳಿಗಿದ್ದ ಹುಲ್ಲಿನ ಗಂಟುಗಳನ್ನೂ ಕಸವೆಂದೇ ತಿಳಿದು ಒಂದೊಂದಾಗಿ ಬಿಡಿಸಿ ಹೊರಗೆ ಹಾಕಿದಳು.

ಮಧ್ಯಾಹ್ನ ಅಳಿಲಮ್ಮ ಬಂದಳು. ದುರಸ್ತಿಗೆ ಕೊಟ್ಟಿದ್ದ ತನ್ನ ತೊಟ್ಟಿಲಿಗೆ ಗಂಟಿರಲಿಲ್ಲ. ಪರೀಕ್ಷೆಯಾಗಿದೆ ಎಂದುಕೊಂಡು ಅಲ್ಲೇ ಕೊಂಬೆಗೆ ಕಟ್ಟಿ ಮರಿಯನ್ನು ಮಲಗಿಸಿದಳು. ಎರಡು ಸಲ ತೂಗುವಷ್ಟರಲ್ಲಿ ಹಗ್ಗ ಕಳಚಿತು. ಮರಿ ದೊಪ್ಪನೆ ಬಿತ್ತು. ಕೆಳಗೆ ತರಗೆಲೆ ದಪ್ಪವಾಗಿದ್ದರಿಂದ ಜೀವ ಉಳಿಯಿತು, ಆದರೆ ಕಾಲು ಉಳುಕಿತ್ತು.

ಎಲ್ಲರೂ ಓಡಿಬಂದರು. ಚಾವಡಿಯ ಹಿರಿಯಳಾದ ಆಮೆಯಜ್ಜಿ ಕೇಳಿದಳು, "ಗಂಟು ಬಿಚ್ಚಿದ್ದು ಯಾರು?"

"ನಾನೇ ಅಜ್ಜಿ," ಎಂದಳು ಗುಂಡವ್ವ. "ಕಸ ಅಂದ್ಕೊಂಡೆ."

"ಕುಟ್ಟಣ್ಣಾ, ನೀನು ಹೇಳಿಕೊಡಲಿಲ್ಲವಾ?"

ಎಲ್ಲರ ಕಣ್ಣೂ ಕುಟ್ಟಣ್ಣನ ಮೇಲೆ. "ಹೇಳಿದ್ದೆ," ಎಂದುಬಿಟ್ಟ. "ಇವಳಿಗೆ ಗಮನ ಬೇಕಲ್ಲ?"

ಗುಂಡವ್ವ ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಅಣ್ಣ ಹೇಳಿದ್ದನೇನೋ ಅಜ್ಜಿ. ನಾನೇ ಮರೆತಿರಬೇಕು. ನಾಳೆಯಿಂದ ಬರೋದಿಲ್ಲ," ಎಂದಳು. ಕೈಯಲ್ಲಿದ್ದ ಪೊರಕೆಯನ್ನು ಮೂಲೆಯಲ್ಲಿಟ್ಟು ಹೊರಟುಹೋದಳು.

ಕುಟ್ಟಣ್ಣ ಆ ಪೊರಕೆಯನ್ನೇ ನೋಡಿದ. ತಾನು ಹೇಳಿಕೊಟ್ಟಿದ್ದು ಅದೊಂದನ್ನೇ, ಅದನ್ನು ಅವಳು ತಪ್ಪದೆ ಮಾಡಿದ್ದಳು. ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಷ್ಟಾಯಿತು. ಮರಿಯ ನರಳಾಟ ಕೇಳಿಸುತ್ತಲೇ ಇತ್ತು.

"ಅಜ್ಜೀ, ನಾನು ಹೇಳಿರಲಿಲ್ಲ," ಎಂದ. "ಅವಳು ಕೇಳಿದಳು. ನಾನು ನನ್ನ ಪೆಟ್ಟಿಗೆಯ ಕತೆ ಹೇಳುತ್ತಿದ್ದೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಳಿಲಮ್ಮ ಮರಿಯನ್ನು ಎತ್ತಿಕೊಂಡು ಅವನಿಗೆ ಬೆನ್ನು ತಿರುಗಿಸಿದಳು.

ಕುಟ್ಟಣ್ಣ ನೇರವಾಗಿ ಗುಂಡವ್ವನ ಬಿಲದ ಬಾಯಿಗೆ ಹೋಗಿ ನಿಂತ.

"ತಪ್ಪು ನನ್ನದು ಗುಂಡವ್ವಾ. ಎಲ್ಲರ ಮುಂದೆ ಒಪ್ಪಿಕೊಂಡು ಬಂದೆ. ನಿನಗೆ ಮುಖ ತೋರಿಸೋಕೂ ನಾಚಿಕೆಯಾಗ್ತಿದೆ. ನಾಳೆ ಬಾ."

ಬಿಲದಿಂದ ಮೀಸೆಯಷ್ಟೇ ಹೊರಗೆ ಬಂತು.

"ಬರ್ತೀನಿ ಅಣ್ಣಾ. ಆದರೆ ಮೊದಲು ಹೇಳು, ಆ ಹುಲ್ಲಿನ ಗಂಟು ಏನು?"

ಕುಟ್ಟಣ್ಣ ಅಲ್ಲೇ ಮಣ್ಣಿನಲ್ಲಿ ಕುಳಿತ. ತನ್ನ ಹೆಸರನ್ನು ಒಂದು ಸಲವೂ ತಾರದೆ ಎಲ್ಲವನ್ನೂ ಹೇಳಿದ.

ನೀತಿ: ಹೊಸಬರು ಕೇಳಿದ್ದಕ್ಕೆ ಉತ್ತರ ಕೊಡದವರು, ಅವರಿಂದಾಗುವ ತಪ್ಪಿಗೆ ತಾವೂ ಹೊಣೆ.