ಫಕೀರವ್ವನ ಅಳತೆ

ಧಾರವಾಡದ ಹತ್ತಿರ ಒಂದು ಕಾರ್ಖಾನೆ. ಸರಕಿನ ವ್ಯಾನು ಮಾಡುತ್ತಿದ್ದರು. ವ್ಯಾನು ರಸ್ತೆಗಿಳಿಯುವ ಮೊದಲು ಕಂಪ್ಯೂಟರಿನಲ್ಲಿ ಅದನ್ನು ಒಬ್ಬ ಮನುಷ್ಯನಿಗೆ ಗುದ್ದಿಸುತ್ತಿದ್ದರು. ಗೆರೆಯ ವ್ಯಾನು, ಗೆರೆಯ ಮನುಷ್ಯ. ಯಾರೂ ಸಾಯುವುದಿಲ್ಲ. ಯಾರು ಸಾಯಬಹುದೆಂದು ಗೊತ್ತಾಗುತ್ತದೆ. ಆ ಕೆಲಸ ನೀಲಗಂಗಾಳದು.

ಗೆರೆಯ ಮನುಷ್ಯನ ಅಳತೆ ಪರದೇಶದ್ದು. ಐದು ಅಡಿ ಒಂಬತ್ತು ಇಂಚು. ಬರಿಗೈ. ಹೊಸ ವ್ಯಾನು ಗುದ್ದಿದಾಗ ಅವನ ತೊಡೆ ಮುರಿಯಿತು, ಜೀವ ಉಳಿಯಿತು. ವ್ಯಾನು ಪಾಸು.

ಪಾಸಿನ ಕಾಗದಕ್ಕೆ ನೀಲಗಂಗಾ ಸಹಿ ಹಾಕಲಿಲ್ಲ. ಕ್ಯಾಂಟೀನಿಗೆ ದಿನಾ ಮೊಸರು ತರುವ ಫಕೀರವ್ವನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದಳು. ನಾಲ್ಕು ಅಡಿ ಏಳು ಇಂಚು. ತಲೆಯ ಮೇಲೆ ಬುಟ್ಟಿ, ಎರಡೂ ಕೈ ಬುಟ್ಟಿಗೆ. ಆ ಅಳತೆಯನ್ನು ಕಂಪ್ಯೂಟರಿಗೆ ಕೊಟ್ಟಳು. ವ್ಯಾನಿನ ಮೂತಿ ನೇರ ಎದೆಗೆ ಬಡಿಯಿತು. ಹನ್ನೊಂದು ಸಲ ಓಡಿಸಿದಳು. ಹನ್ನೊಂದು ಸಲವೂ ಫಕೀರವ್ವ ಉಳಿಯಲಿಲ್ಲ.

ಮ್ಯಾನೇಜರ್ ಬೆಳವಡಿ ಬಂದರು. ಹನ್ನೊಂದೂ ಸಲದ್ದನ್ನು ಕಂಪ್ಯೂಟರಿನಲ್ಲಿ ನೋಡಿದರು.

“ಕಾಯ್ದೆ ಕೇಳೂದು ಆ ಮನುಷ್ಯಾನ್ನ ಅಷ್ಟ. ಅಂವ ಪಾಸಾಗ್ಯಾನ. ಸಹಿ ಹಾಕು.”

“ಅಂವ ಈ ರಸ್ತೇದಾಗ ಅಡ್ಡಾಡೂದಿಲ್ರಿ.”

“ಬ್ಯಾರೆ ಕೆಲಸ ಹುಡುಕಬೇಕಾಗ್ತದ ನೋಡು.”

“ಹುಡುಕ್ತೀನ್ರಿ. ಸಹಿ ಹಾಕೂದಿಲ್ಲ.”

“ನಾನ ಹಾಕ್ತೀನಿ.”

“ಹಾಕ್ರಿ. ಫಕೀರವ್ವ ಕ್ಯಾಂಟೀನಿನ್ಯಾಗ ಕುಂತಾಳ. ಹಾಕಿದ್ದನ್ನ ಆಕಿಗೆ ಓದಿ ಹೇಳ್ರಿ.”

ಬೆಳವಡಿ ಸಹಿ ಹಾಕಿದರು. ಹಟಕ್ಕೆ ಬಿದ್ದು, ಕಾಗದ ಹಿಡಿದು ಕ್ಯಾಂಟೀನಿಗೂ ಹೋದರು.

ಫಕೀರವ್ವ ಕಾಗದ ನೋಡಿದಳು. “ಏನ್ರಿ ಸಾಹೇಬ್ರ, ಮೊಸರು ಮಾರಾಕೂ ಪರವಾನಗಿ ಬಂತೇನು?”

“ಇಲ್ಲ.”

“ಮತ್ತ ಓದ್ರಿ, ಏನೈತಿ. ನನಗ ಓದಾಕ ಬರೂದಿಲ್ಲ.”

‘ಈ ವ್ಯಾನಿನಿಂದ ನಡೆದು ಹೋಗುವವರಿಗೆ ಅಪಾಯವಿಲ್ಲ’ ಎಂದು ಬರೆದಿತ್ತು. ಒಂದೇ ಸಾಲು. ಬೆಳವಡಿ ಬಾಯಿ ತೆರೆದರು. ಫಕೀರವ್ವ ಬುಟ್ಟಿ ತಲೆಗೇರಿಸಿ, ಎರಡೂ ಕೈಯಲ್ಲಿ ಹಿಡಿದು, ಕೇಳುತ್ತ ನಿಂತಿದ್ದಳು. ಅವರಿಗೆ ಓದಲಾಗಲಿಲ್ಲ.

ವಾಪಸು ಬಂದು ನೀಲಗಂಗಾಳ ಮುಂದೆ ಕಾಗದ ಹರಿದರು.

“ಮೂತಿ ತಿದ್ದಾಕ ಎಷ್ಟು ದಿನ?”

“ನಲವತ್ತು.”

“ಇಪ್ಪತ್ತರಾಗ ಮುಗಿಸು.”

“ನಲವತ್ತು.”

ನಲವತ್ತು ದಿನ ಹಿಡಿಯಿತು. ಹನ್ನೆರಡನೆಯ ಸಲ ಫಕೀರವ್ವ ಉಳಿದಳು. ನೀಲಗಂಗಾ ಸಹಿ ಹಾಕಿದಳು.

ನೀತಿ: ಯಾರ ಜೀವದ ಮಾತೋ ಅವರೆದುರು ಓದಿ ಹೇಳಲಾಗದ ಕಾಗದಕ್ಕೆ ಸಹಿ ಹಾಕಬೇಡಿ. ಹಾಕು ಎಂದವರು ಎಷ್ಟೇ ದೊಡ್ಡವರಿರಲಿ.