ಅಮಲ್ದಾರರ ಬದನೆ ಸಸಿ

ಅಮಲ್ದಾರರಿಗೆ ಹೊಸದಾಗಿ ತೋಟದ ಹುಚ್ಚು ಹಿಡಿದಿತ್ತು. ಬಂಗಲೆಯ ಹಿತ್ತಲಲ್ಲಿ ಕೈಯಾರೆ ಬದನೆ ಸಸಿ ನೆಟ್ಟರು. ಎಲ್ಲವೂ ಬಾಡಿ ಸತ್ತವು. ಮಾಲಿ ಚೌಡಪ್ಪನದೇ ತಪ್ಪೆಂದು ಅವನನ್ನು ಹೊಡೆಸಿ ಲಾಕಪ್ಪಿಗೆ ಹಾಕಿಸಿದರು. ಅವನ ತಮ್ಮ ದ್ಯಾವಯ್ಯನನ್ನು ಕೆಲಸಕ್ಕೆ ಕರೆಸಿ, "ಈ ಸಲವೂ ಸತ್ತರೆ ನಿನಗೂ ಅದೇ ಗತಿ" ಎಂದರು.

ಹೊಸ ಸಸಿ ನೆಟ್ಟ ಮೇಲೆ ದ್ಯಾವಯ್ಯ ಎರಡು ದಿನ ಗಮನಿಸಿದ. ಬೆಳಗಾದರೆ ಅಮಲ್ದಾರರೇ ಬಂದು ಒಂದೊಂದೇ ಸಸಿ ಕಿತ್ತು, ಬೇರು ಬಿಟ್ಟಿದೆಯೇ ಎಂದು ನೋಡಿ, ಮತ್ತೆ ಊರುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳಿದರೆ ಬೆನ್ನು ಉಳಿಯುವ ಹಾಗಿರಲಿಲ್ಲ.

"ಯಾರೋ ಸಸಿ ಕೀಳ್ತಾವ್ರೆ ಬುದ್ಧೀ. ಕಿತ್ತವರು ಯಾರೇ ಆಗಲಿ, ಹಿಡಿದು ನಿಲ್ಲಿಸು ಅಂತ ಪೇದೆಗೆ ಹುಕುಂ ಕೊಡಿ," ಎಂದ.

ಅಮಲ್ದಾರರು ಖುಷಿಯಿಂದ ಹುಕುಂ ಕೊಟ್ಟರು. ಅದು ತಮಗೂ ಸಲ್ಲುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ. ಮರುದಿನ ಬೆಳಿಗ್ಗೆ ಚಳಿಗೆ ತಲೆತುಂಬ ಶಾಲು ಹೊದ್ದು ಬಂದು ಸಸಿ ಕಿತ್ತರು. ಕಾವಲಿಗಿದ್ದ ಹೊಸ ಪೇದೆ ಗುರುತು ಹತ್ತದೆ ಕೈ ಹಿಡಿದುಬಿಟ್ಟ. ಗದ್ದಲ ಕೇಳಿ ಪಕ್ಕದ ಕಚೇರಿಯವರೆಲ್ಲ ಬಂದು ಸುತ್ತ ನಿಂತರು.

ಅಮಲ್ದಾರರ ಮುಖ ಕಪ್ಪಿಟ್ಟಿತು. "ಬೇರು ಬಿಟ್ಟಿದೆಯಾ ಅಂತ ನೋಡಿದೆ, ಅಷ್ಟೇ," ಎಂದರು.

"ಸಸಿ ಯಾಕೆ ಸಾಯ್ತಿತ್ತು ಅಂತ ಗೊತ್ತಾಯ್ತಲ್ಲ ಬುದ್ಧೀ. ಇನ್ನು ನಮ್ಮಣ್ಣ ಯಾಕೆ ಒಳಗಿರಬೇಕು?" ಎಂದ ದ್ಯಾವಯ್ಯ.

ಅಷ್ಟು ಜನರೆದುರು ಅಮಲ್ದಾರರು ಒಪ್ಪಲೇಬೇಕಾಯಿತು. ಆ ಸಂಜೆಯೇ ಚೌಡಪ್ಪನನ್ನು ಬಿಟ್ಟರು.

ಬದನೆ ಚೆನ್ನಾಗಿ ಕಾಯಿ ಬಿಟ್ಟಿತು. ಲಾಠಿ ಏಟು ತಿಂದ ಚೌಡಪ್ಪನ ಬಲಗೈ ಮಾತ್ರ ಮತ್ತೆಂದೂ ಗುದ್ದಲಿ ಹಿಡಿಯಲಿಲ್ಲ.